ಹತ್ತಕ್ಕೆ ಎಂಟು

ಮೂರನೆಯ ಮಹಡಿ, ಇನ್ನೂ ಒಂದು ಇದೆ, ಕೈಯ ಸೀಮೆಸುಣ್ಣ ಮೆಟ್ಟಿಲ ಕಂಬಿಗೆಲ್ಲ ಅಂಟುತ್ತಿದೆ, ಕೈ ತೊಳೆಯದೆಯೇ ಬಂದುಬಿಟ್ಟಳಲ್ಲ ಟೀಚರಮ್ಮ, ಇಂಗ್ಲಿಷ್ ಕ್ಲಾಸಿನ ಹದಿನೆಂಟು ಜನ ಹೆಂಗಸರನ್ನು ಕೂತಲ್ಲೇ ಕೂರಿಸಿ, ಈಗ ಬಂದೆ ಕಣ್ರಮ್ಮಾ ಅಂತ ಹೇಳಿ, ಹಾಜರಿ ಪುಸ್ತಕದಿಂದ ವಿಳಾಸದ ಹಾಳೆಯನ್ನೇ ಹರಿದುಕೊಂಡು — ಪಾಠ ಮಾಡಿದ ಇಪ್ಪತ್ತೆರಡು ವರ್ಷದಲ್ಲಿ ಒಂದು ಹಾಳೆಯ ಕಿವಿ ಮಡಿಸಿದವಳಲ್ಲ — ಮೊಣಕಾಲು ಈಗಲೇ ನೋಯಬೇಕೆ, ಕಾಜಾ ಈ ಮೆಟ್ಟಿಲನ್ನು ದಿನಕ್ಕೆರಡು ಸಲ ಹತ್ತಿ ಇಳಿಯುತ್ತಾಳೆ, ಇಳಿಯುತ್ತಿದ್ದಳು, ಸೋಮವಾರದ ತನಕ. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಜಾ ಹಾಕುವವಳು, ದಿನಕ್ಕೆ ಎಷ್ಟು ಅಂಗಿಗೆ ಹಾಕ್ತೀಯೇ ಅಂದರೆ ಗುಂಡಿ ಪೋಣಿಸೋಕೆ ಎಷ್ಟು ತೂತು ಬೇಕೋ ಅಷ್ಟು ಮೇಡಂ ಅಂದಳು, ಎಲ್ಲರೂ ನಕ್ಕರು, ಅವತ್ತಿಂದ ಅದೇ ಹೆಸರು. ಕ್ಲಾಸಿನಲ್ಲಿ ಕಿಟಕಿ ಪಕ್ಕದ ಅವಳ ಕುರ್ಚಿ ಮೂರು ದಿನದಿಂದ ಖಾಲಿ. ನೆಗಡಿ ಇರಬೇಕು, ಮೊದಲ ದಿನ ಹಾಗಂದುಕೊಂಡಳು ಟೀಚರಮ್ಮ. ಎರಡನೆಯ ದಿನ ಏನೂ ಅಂದುಕೊಳ್ಳಲಿಲ್ಲ. ಮೂರನೆಯ ದಿನವಾದ ಇವತ್ತು ಬೋರ್ಡಿನ ಮುಂದೆ ನಿಂತು, ದಿನಾ ನಡೆಯೋದಕ್ಕೆ ಸಿಂಪಲ್ ಪ್ರೆಸೆಂಟ್, ಸೂರ್ಯ ಹುಟ್ಟೋದು, ಬಸ್ಸು ಬರೋದು, ನಲ್ಲಿ ಸೋರೋದು, ಹಿ ಶೀ ಇಟ್ ಬಂದರೆ ಬಾಲಕ್ಕೊಂದು ಎಸ್, ನಿದ್ದೆಯಲ್ಲೂ ಹೇಳುತ್ತಾಳೆ ಅದನ್ನು, ಕೈ ತಾನಾಗಿಯೇ ಬರೆಯಿತು — ಹಿ ಲಾಕ್ಸ್ ದ ಡೋರ್. ಹೇಳಿ ಎಲ್ಲರೂ. ಹಿ ಲಾಕ್ಸ್ ದ ಡೋರ್, ಹಿ ಲಾಕ್ಸ್ ದ ಡೋರ್. ಯಾಕ್ ಮೇಡಂ ದಿನಾ ಬೀಗ ಹಾಕ್ತಾನೆ, ಅಂದಳು ಮುಂದಿನ ಸಾಲಿನವಳು. ಕಳ್ಳರ ಕಾಟ ಕಣೇ, ಇನ್ನೊಬ್ಬಳು. ನಗು. ಈ ವಾಕ್ಯ ನನ್ನದಲ್ಲವಲ್ಲ, ಎಲ್ಲಿ ಓದಿದೆ ಇದನ್ನು, ಎನ್ನುವಷ್ಟರಲ್ಲಿ ಅದರ ಮುಂದಿನ ವಾಕ್ಯವೂ ನೆನಪಾಯಿತು, ಸೀಮೆಸುಣ್ಣ ಮುರಿಯಿತು.

ಮನೆಯಲ್ಲಿ ದಿನಾ ಏನೇನಾಗುತ್ತೋ ಹತ್ತು ವಾಕ್ಯ ಬರ್ಕೊಂಡು ಬನ್ನಿ — ಹೇಳಿದವಳು ಇವಳೇ. ಉಳಿದವರೆಲ್ಲ ಹಲ್ಲುಜ್ಜಿದರು, ಅನ್ನ ಮಾಡಿದರು, ಟೀವಿ ನೋಡಿದರು. ಕಾಜಾ ಒಬ್ಬಳೇ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದು. ಏಳನೆಯದು, ಮೈ ಹಸ್ಬೆಂಡ್ ಲಾಕ್ ದ ಡೋರ್. ಎಂಟನೆಯದು, ಐ ಸ್ಲೀಪ್ ಇನ್ ಬಾತ್‌ರೂಮ್. ಒಂಬತ್ತನೆಯದು, ಮಾರ್ನಿಂಗ್ ಹಿ ಓಪನ್. ಮೈಯೆಲ್ಲ ಕಣ್ಣಾಗಿ ತಿದ್ದಿದ್ದಳಲ್ಲ ಟೀಚರಮ್ಮ, ಲಾಕ್‌ಗೆ ಒಂದು ಎಸ್, ಓಪನ್‌ಗೆ ಒಂದು ಎಸ್, ಕೆಂಪು ಶಾಯಿಯಲ್ಲಿ, ಸ್ವಲ್ಪ ದೊಡ್ಡದಾಗಿಯೇ, ಮತ್ತೆ ಮರೆಯಬಾರದು ಅಂತ. ಬಾತ್‌ರೂಮಿನ ಹಿಂದೆ ಒಂದು ದ ಬೇಕೋ ಬೇಡವೋ ಅಂತ ಪೆನ್ನನ್ನು ತುಟಿಗೆ ಒತ್ತಿಕೊಂಡು ಯೋಚಿಸಿದ್ದೂ ಉಂಟು, ಹಾಕಿದಳು. ಎರಡು ಎಸ್‌ಗೆ ಎರಡು ಅಂಕ ಹೋಯಿತು, ಹತ್ತಕ್ಕೆ ಎಂಟು, ಕೆಳಗೆ ಗುಡ್. ಅಜ್ಜಿಗೆ ಅರಿವೆ ಚಿಂತೆ. ಆ ಹುಡುಗಿ ಪುಸ್ತಕ ಕೊಡುವಾಗ ಒಂದು ಗಳಿಗೆ ಕೈ ಬಿಟ್ಟಿರಲಿಲ್ಲ, ಇಬ್ಬರೂ ಒಂದೊಂದು ತುದಿ ಹಿಡಿದು ನಿಂತಿದ್ದರು, ಕೊಡಮ್ಮಾ ಹೊತ್ತಾಯ್ತು ಅಂದಿದ್ದಳು ಟೀಚರಮ್ಮ. ಯಾರಿಗೂ ಹೇಳಲಾಗದ್ದನ್ನು ಬರದ ಭಾಷೆಯಲ್ಲಿ ಬರೆದು ತಂದಿದ್ದಳು, ಇವಳೊಬ್ಬಳು ಓದಲಿ ಅಂತ, ಇವಳು ಓದಲಿಲ್ಲ, ತಿದ್ದಿದಳು.

ಅಷ್ಟಕ್ಕೇ ನಿಂತಿದ್ದರೆ. ಸೋಮವಾರ ಕ್ಲಾಸು ಬಿಟ್ಟಾಗ ಗೇಟಿನ ಹತ್ತಿರ ಸ್ಕೂಟರಿನ ಮೇಲೆ ಅವನು, ದಿನಾ ಬರುತ್ತಾನೆ, ಕರೆದುಕೊಂಡು ಹೋಗುತ್ತಾನೆ, ಎಂಥ ಗಂಡನಪ್ಪಾ ಅಂತ ಉಳಿದವರ ಹೊಟ್ಟೆಯುರಿ, ಇವಳದೂ ಸ್ವಲ್ಪ ಇತ್ತು, ಸುಳ್ಳು ಯಾಕೆ. ಇಸ್ತ್ರಿ ಮುರಿಯದ ಅಂಗಿ, ಬಾಯಲ್ಲಿ ಬೆಲ್ಲ. ನಮಸ್ಕಾರ ಮೇಡಂ, ನಮ್ಮವಳು ಏನಾದ್ರೂ ಕಲೀತಿದಾಳಾ. ಕಲೀತಿದಾಳಾ ಅಂತೀರಾ, ನೋಡಿ ಇಲ್ಲಿ, ಅಂತ ಕಾಜಾಳ ಚೀಲದಿಂದ ತಾನೇ ಪುಸ್ತಕ ಎಳೆದು, ಆ ಪುಟವನ್ನೇ ಬಿಡಿಸಿ, ಕೈಯಾರೆ ಕೊಟ್ಟಳು. ಹೊಗಳಿದರೆ ಅವಳಿಗೆ ಮನೆಯಲ್ಲಿ ಬೆಲೆ ಬಂದೀತು ಅಂತ. ಬೇಡ ಮೇಡಂ, ಅಂದಳಲ್ಲ ಕಾಜಾ, ನಾಚಿಕೆ ಅಂದುಕೊಂಡಳು ಟೀಚರಮ್ಮ. ಅವನು ಬೆರಳಿಟ್ಟು ಒಂದೊಂದೇ ಸಾಲು ಓದಿದ, ಓದಲು ಬರುತ್ತದೆ ಅವನಿಗೆ, ಕೆಂಪು ಎಸ್ಸಿನ ಮೇಲೆ ಬೆರಳು ನಿಂತಿತು. ನಕ್ಕ. ಚೆನ್ನಾಗಿ ತಿದ್ದಿದೀರಾ ಮೇಡಂ. ಪುಸ್ತಕವನ್ನು ಸುರುಳಿ ಸುತ್ತಿ ಜೇಬಿಗೆ ತುರುಕಿಕೊಂಡ, ಸ್ಕೂಟರು ತಿರುಗಿತು, ಅವಳು ಹಿಂದಿರುಗಿ ನೋಡಲಿಲ್ಲ.

ನಾಲ್ಕನೆಯ ಮಹಡಿ. ಬಾಗಿಲು. ಗಂಟೆ ಒತ್ತಿದ ಬೆರಳಿನ ಗುರುತು ಬಿಳಿಯಾಗಿ ಉಳಿಯುತ್ತದೆ. ಏನು ಹೇಳಬೇಕು, ಹೋಮ್‌ವರ್ಕ್ ಅಂತಲೋ, ಹುಷಾರಿಲ್ವಾ ಅಂತಲೋ, ಬಾಗಿಲು ತೆರೆಯಿತು, ಅದೇ ಅಂಗಿ, ಅದೇ ನಗು. ಅಯ್ಯೋ ಮೇಡಂ, ನೀವ್ಯಾಕೆ ಇಷ್ಟು ದೂರ, ಅವಳು ತವರಿಗೆ ಹೋಗಿದಾಳೆ. ಯಾವಾಗ ಬರ್ತಾಳಪ್ಪಾ. ಬರ್ತಾಳೆ. ಅವನ ಭುಜದಾಚೆ ಓಣಿಯಂಥ ನಡುಮನೆ, ಕೊನೆಯಲ್ಲಿ ನೀಲಿ ಬಾಗಿಲು, ಅದರ ಮುಂದೆ ಹೆಂಗಸಿನ ಚಪ್ಪಲಿ, ಜೊತೆ ತಪ್ಪದೆ, ಕಾಜಾ ದಿನಾ ಕ್ಲಾಸಿಗೆ ಹಾಕಿಕೊಂಡು ಬರುವ, ಕಿತ್ತ ಪಟ್ಟಿಗೆ ಅಂಗಿಯ ಗುಂಡಿ ಹೊಲಿದ ಚಪ್ಪಲಿ. ಕೈಗೆಲ್ಲ ಸೀಮೆಸುಣ್ಣ ಆಗಿದೆಯಪ್ಪಾ, ಒಂದ್ಸಲ ತೊಳ್ಕೊಂಡು ಹೋಗ್ತೀನಿ, ಅಂದದ್ದು ತನ್ನ ಗಂಟಲೇ, ಎಡಗಾಲು ಆಗಲೇ ಹೊಸ್ತಿಲ ಒಳಗಿದೆ. ಬಚ್ಚಲಲ್ಲಿ ನೀರಿಲ್ಲ ಮೇಡಂ. ಹೇಳುತ್ತಿರುವಾಗಲೇ ನೀಲಿ ಬಾಗಿಲ ಹಿಂದೆ ನೀರು ಬೀಳುವ ಸದ್ದು, ಬಕೆಟ್ಟಿಗೆ, ಸಣ್ಣಗೆ, ಆಮೇಲೆ ಯಾರೋ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದರು. ಅವನು ನಗುತ್ತಲೇ ಇದ್ದಾನೆ. ಟೀಚರಮ್ಮ ಕಾಲು ಹಿಂದಕ್ಕೆ ತೆಗೆಯುವುದಿಲ್ಲ, ಮುಂದಕ್ಕೂ ಇಡಲಾಗುತ್ತಿಲ್ಲ, ನೀಲಿ ಬಾಗಿಲಿಗೆ ಚಿಲಕ ಹೊರಗಿನಿಂದ ಹಾಕಿದೆ, ಹೊಸ ಚಿಲಕ, ಅದನ್ನೇ ನೋಡುತ್ತಾಳೆ, ಕಾಣುವುದು ಮಾತ್ರ ಎಸ್, ಕೆಂಪು ಶಾಯಿಯದು, ಸ್ವಲ್ಪ ದೊಡ್ಡದಾಗಿ ಬರೆದ ಎಸ್, ತಾನೇ ಬರೆದದ್ದು, ಎಸ್.