ಮೇ ತಿಂಗಳಿಗೆ ಎಳೆದ ಮದುವೆ

"ಈ ಕಡೆ ತಿರುಗು ಜಲಜಾ," ಎಂದರು ಶೀಲಾ ಆಂಟಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ. ಮಗಳು ಅಶ್ವಿತಾಳ ಮದುವೆಗೆಂದು ಹೊಲಿಸಿದ ರವಿಕೆ, ಕೀಮೋ ಶುರುವಾದ ಮೇಲೆ ಜಲಜಾಕ್ಷಿಯ ಭುಜದಿಂದ ಜಾರುತ್ತಿತ್ತು.

"ಡಿಸೆಂಬರಲ್ಲೇ ಇಟ್ಕೊಂಡಿದ್ರೆ ಅಷ್ಟೊತ್ತಿಗೆ ಮೈ ತುಂಬ್ಕೊಳ್ತಿತ್ತು ಆಂಟಿ. ಹುಡುಗನಿಗೆ ಆಗ ರಜೆ ಇಲ್ಲ ಅಂತ ಮೇ ತಿಂಗಳಿಗೇ ಎಳೆದ್ಬಿಟ್ರು."

"ಅವನ ರಜೆ ಏನು ಬಂತು? ನೀನು ಕಣ್ಣಾರೆ ನೋಡ್ಲಿ ಅಂತ ತಾನೆ ನಮ್ಮನೆಯವರು..." ಆಂಟಿಯ ಕೈ ನಿಂತಿತು. "ನಿಂಗೆ ಹೇಳಿಲ್ವಾ?"

ಆಂಟಿಯ ಗಂಡ ಪದ್ಮನಾಭ ಅಂಕಲ್ ನಿವೃತ್ತ ಹೃದ್ರೋಗ ತಜ್ಞರು. ಅಮೆರಿಕದ ಈ ಎಲಿಕಾಟ್ ಸಿಟಿಯ ಕನ್ನಡದವರು ಶೀತವಾದರೂ ಮೊದಲು ಅವರಿಗೇ ಫೋನ್ ಮಾಡುತ್ತಿದ್ದರು. ಪಿತ್ತನಾಳದಲ್ಲಿ ಅಪರೂಪದ ಗಡ್ಡೆ ಸಿಕ್ಕ ದಿನ ಜಲಜಾಕ್ಷಿಯೇ ಕ್ಯಾನ್ಸರ್ ಡಾಕ್ಟರಿಗೆ ಹೇಳಿದ್ದಳು, ಎಲ್ಲವನ್ನೂ ಅಂಕಲ್‌ಗೆ ಹೇಳಿ ಎಂದು. ಪ್ರತಿ ಸಲವೂ ಅವಳನ್ನು ಹೊರಗೆ ಕಳಿಸಿ ಅಂಕಲ್ ಮತ್ತು ಅವಳ ಗಂಡ ಜಯಕರ ಡಾಕ್ಟರ ಕೋಣೆಯೊಳಗೇ ಉಳಿಯುತ್ತಿದ್ದರು. ಹೊರಬಂದು, "ಬಂಡೆ ಥರ ಇರ್ತೀಯಮ್ಮ," ಎಂದು ಅಂಕಲ್ ತಲೆ ಸವರುತ್ತಿದ್ದರು.

ಸಂಜೆ ಅವಳು ಕೇಳಿದಾಗ ಜಯಕರ ತಲೆ ಎತ್ತಲಿಲ್ಲ. "ಹೇಳಿದ್ರೆ ನೀನು ಕುಸಿದು ಹೋಗ್ತಿದ್ದೆ."

"ಬೀಗರಿಗೆ ಗೊತ್ತಾ?"

"ಹೇಳ್ಲೇಬೇಕಾಯ್ತು."

"ಅಡುಗೆಯವ್ರಿಗೆ?"

"ಡೇಟ್ ಚೇಂಜ್ ಮಾಡ್ಸಬೇಕಿತ್ತಲ್ಲ, ಜಲಜಾ..."

ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗಿತ್ತು. ಅದು ಎಲ್ಲಿದೆಯೆಂದು ಆ ರಾಕ್ಷಸನಿಗಾದರೂ ಗೊತ್ತಿತ್ತು.

ಮುಂದಿನ ಭೇಟಿಯಲ್ಲಿ ಅಂಕಲ್ ಎಂದಿನಂತೆ ಡಾಕ್ಟರ ಎದುರಿನ ಕುರ್ಚಿಯಲ್ಲಿ ಕುಳಿತರು.

"ಅಂಕಲ್, ಇವತ್ತು ನೀವು ಹೊರಗಿರಿ. ರೀ, ನೀವೂ."

"ಮೆಡಿಕಲ್ ವಿಷಯ ಕಣಮ್ಮ, ನಿಂಗೆ ಅರ್ಥ ಆಗಲ್ಲ."

"ಅಡುಗೆಯವ್ರಿಗೆ ಅರ್ಥ ಆಯ್ತಲ್ಲ ಅಂಕಲ್."

ಬಾಗಿಲು ಮುಚ್ಚಿತು. ಡಾಕ್ಟರ್ ಕನ್ನಡಕ ತೆಗೆದರು. ಅವಳಿಗೇ ಕೇಳಲು ಇಷ್ಟವಿಲ್ಲವೆಂದು ಅಂಕಲ್ ಹೇಳಿದ್ದರಂತೆ. ಇದು ಗುಣವಾಗುವಂಥದ್ದಲ್ಲ, ಎಂದರು ಡಾಕ್ಟರ್. ಔಷಧ ತಡೆಹಿಡಿಯಬಹುದು, ಅಷ್ಟೇ. ಈ ಕಾಯಿಲೆ ಬಂದವರೇ ಕಡಿಮೆ, ಹಾಗಾಗಿ ಲೆಕ್ಕವೂ ಗಟ್ಟಿಯಲ್ಲ. ಬಂದವರಲ್ಲಿ ಅರ್ಧದಷ್ಟು ಜನ ಒಂದೂವರೆ ವರ್ಷ ದಾಟಿಲ್ಲ. ಕೆಲವರು ಬಹಳ ದೂರ ಹೋಗಿದ್ದಾರೆ. ಅವಳು ಯಾವ ಗುಂಪಿಗೆ ಸೇರುತ್ತಾಳೆಂದು ಇವತ್ತು ಯಾರೂ ಹೇಳಲಾರರು.

ಜಲಜಾಕ್ಷಿ ಅಂಕಲ್ ಬಿಟ್ಟೆದ್ದ ಕುರ್ಚಿಯನ್ನು ಹತ್ತಿರಕ್ಕೆಳೆದು, ಬಾತ ಕಾಲುಗಳನ್ನು ಅದರ ಮೇಲೆ ಚಾಚಿದಳು.

"ಇನ್ನೊಂದ್ಸಲ ಹೇಳಿ," ಎಂದಳು. "ನಿಧಾನವಾಗಿ."