ನಲವತ್ತೆರಡು ಅಡಿಗೆ ಚೊಕ್ಕ ಆಕ್ಸಿಜನ್

ಕೃಷ್ಣರಾಜಪುರದ ಆಚೆ ಕಲ್ಲು ಕ್ವಾರಿಯ ನೀರು ತುಂಬಿದ ಹೊಂಡಕ್ಕೆ ಟಿಪ್ಪರ್ ಉರುಳಿ ಇಪ್ಪತ್ತು ಗಂಟೆಯಾಗಿತ್ತು. ಚಾಲಕ ಸಾಯಬಣ್ಣನ ಶವ ಕ್ಯಾಬಿನ್ನಿನೊಳಗೇ ಇತ್ತು. ಅವನ ಹೆಂಡತಿ ಯಂಕಮ್ಮ ದಡದ ಬಂಡೆ ಬಿಟ್ಟು ಎದ್ದಿರಲಿಲ್ಲ. ಅದು 1997ರ ಜುಲೈ. ಹಗ್ಗಕ್ಕೆ ಕಲ್ಲು ಕಟ್ಟಿ ಅಳೆದಾಗ ಆಳ ನಲವತ್ತೆರಡು ಅಡಿ.

ಸೇನೆಯಲ್ಲಿ ಹದಿನೇಳು ವರ್ಷ ಡೈವರ್ ಆಗಿದ್ದ ಹಲಸೂರಿನ ಅಂಜನಮೂರ್ತಿ ರಬ್ಬರ್ ಸೂಟು ತೊಟ್ಟು ಕಾಯುತ್ತಿದ್ದರು. ಅವರ ಖಾಲಿ ಸಿಲಿಂಡರನ್ನು ತುಂಬಿಸಲು ಒಯ್ದಿದ್ದ ಕ್ವಾರಿ ಮಾಲೀಕ ಲಕ್ಷ್ಮಿಕಾಂತ ಮಧ್ಯಾಹ್ನ ಜೀಪಿನಿಂದಿಳಿದ. ಬಿಳಿ ಬೂಟು, ಬೆರಳಲ್ಲಿ ಸಿಗರೇಟು.

"ನೀವ್ ಹೇಳಿದ್ ಕಡೆ ಬರೀ ಗಾಳಿ ತುಂಬ್ತಾರಂತೆ ಸಾರ್. ಗಾಳಿ ಪಂಕ್ಚರ್ ಅಂಗಡೀಲೂ ಸಿಗತ್ತೆ. ನಾನು ಆಸ್ಪತ್ರೆಗೆ ಸಪ್ಲೈ ಮಾಡೋರ ಹತ್ರ ಚೊಕ್ಕ ಆಕ್ಸಿಜನ್ನೇ ಹಾಕ್ಸಿದೀನಿ."

"ಮೊದ್ಲು ಸಿಗರೇಟ್ ಬಿಸಾಕಿ."

ಬಿಸಾಕಿದ.

"ಇಪ್ಪತ್ತಡಿ ದಾಟಿದ್ರೆ ಚೊಕ್ಕ ಆಕ್ಸಿಜನ್ ವಿಷ ಕಣ್ರೀ. ಫಿಟ್ಸ್ ಬರತ್ತೆ, ಬಾಯಿಂದ ನಳಿಕೆ ಬೀಳತ್ತೆ. ಆಮೇಲೆ ಕೆಳಗೆ ಇಬ್ರು."

"ಮಿಲಿಟ್ರಿಯವ್ರಿಗೂ ಭಯಾನಾ?" ಲಕ್ಷ್ಮಿಕಾಂತ ಜೀಪಿನವನತ್ತ ನೋಡಿ ನಕ್ಕ.

"ಹೂಂ ಗುರು, ದಡ್ಡರು ಅಂದ್ರೆ ಭಯ."

ಅಂಜನಮೂರ್ತಿ ವಾಲ್ವ್ ತಿರುಗಿಸಿದರು. ಆಕ್ಸಿಜನ್ ಬುಸುಗುಡುತ್ತ ಹೊರಬಂತು. ಲಕ್ಷ್ಮಿಕಾಂತ ಹಿಂದೆ ಸರಿದಾಗ ಬಿಳಿ ಬೂಟು ಕೆಸರಿಗೆ ಇಳಿಯಿತು.

ಯಂಕಮ್ಮ ಎದ್ದು ಬಂದಳು. "ಯಣ್ಣಾ, ಹೊತ್ತು ಮುಳುಗೂದ್ರಾಗ ತರ್ತೀರೇನ್ರಿ? ಇನ್ನೊಂದ್ ರಾತ್ರಿ ನೀರಾಗ ಬಿಡಬ್ಯಾಡ್ರಿ."

"ತರ್ತೀನಮ್ಮ. ಗಾಳಿ ಬರ್ಲಿ."

ಸಿಲಿಂಡರಿನ ಜೊತೆ ಈ ಬಾರಿ ಚೀಟಿಯನ್ನೂ ಕಳುಹಿಸಿದರು: ಗಾಳಿ ಮಾತ್ರ. ಜೀಪು ಮರಳಿದಾಗ ಐದು ಗಂಟೆ. ಅಂಜನಮೂರ್ತಿ ಗಾಳಿಯನ್ನು ಮೂಸಿ, ಎಣ್ಣೆ ವಾಸನೆಯಿಲ್ಲವೆಂದು ಖಚಿತಪಡಿಸಿಕೊಂಡು ಬೆನ್ನಿಗೇರಿಸಿದರು.

ಲಕ್ಷ್ಮಿಕಾಂತ ಕ್ರೇನಿನ ಕೊಕ್ಕೆ ನೀಡಿದ. "ಇದನ್ನ ಟಿಪ್ಪರ್‌ಗೆ ಹಾಕ್ಬಿಡಿ ಸಾರ್. ಗಾಡಿ ಮೇಲೆ ಬಂದ್ರೆ ಅವನೂ ಬರ್ತಾನಲ್ಲ."

ಮುಂದಿನ ಗಾಜು ಒಡೆದಿದ್ದರೆ ಎಳೆಯುವಾಗ ಶವ ಜಾರಿ ಕೆಸರಿನಲ್ಲಿ ಹೂತುಹೋಗುತ್ತದೆ. ಇದನ್ನು ವಿವರಿಸುವ ಗೋಜಿಗೆ ಅಂಜನಮೂರ್ತಿ ಹೋಗಲಿಲ್ಲ. ಕೊಕ್ಕೆಯನ್ನು ಲಕ್ಷ್ಮಿಕಾಂತನ ಕಾಲ ಬಳಿಯೇ ಇಟ್ಟು, ಸೊಂಟಕ್ಕೆ ಹಗ್ಗ ಬಿಗಿದು ಇಳಿದರು.

ಇಪ್ಪತ್ತಾರು ನಿಮಿಷದ ಬಳಿಕ ಸಾಯಬಣ್ಣನೊಂದಿಗೆ ಮೇಲೆ ಬಂದರು. ಗಾಜು ಒಡೆದೇ ಇತ್ತು. ಯಂಕಮ್ಮ ಸೆರಗಿನಿಂದ ಗಂಡನ ಮುಖದ ಕೆಸರು ಒರೆಸಿದಳು. ಬೆಳಕು ಇನ್ನೂ ಇತ್ತು.

"ಗಾಡಿ ಸಾರ್?" ಎಂದ ಲಕ್ಷ್ಮಿಕಾಂತ, ಕೊಕ್ಕೆ ಹಿಡಿದು.

ಅಂಜನಮೂರ್ತಿ ಸಿಲಿಂಡರ್ ಕಳಚಿ ಹೆಗಲಿಗೆ ಹಾಕಿಕೊಂಡರು.

"ಅಲ್ಲೇ ಇದೆ. ಚೊಕ್ಕ ಆಕ್ಸಿಜನ್ ಹಾಕ್ಕೊಂಡು ನೀವೇ ಇಳೀರಿ."