ಭಾಮೈದನ ಹೊಟ್ಟೆಗೆ ಕಾವಲು

ಭಾಮೈದನನ್ನು ಪರದೇಶಕ್ಕೆ ಕಟ್ಟಿಕೊಂಡು ಬಂದದ್ದೇ ತಪ್ಪಾಯಿತು ಎಂದು ಕ್ಷೌರಿಕನಿಗೆ ವಿಮಾನ ಇಳಿಯುವ ಮೊದಲೇ ಅನ್ನಿಸಿತ್ತು. ಏನು ಮಾಡುವುದು, ಕೂದಲು ಕತ್ತರಿಸುವ ಸ್ಪರ್ಧೆಗೆ ಕುರ್ಚಿಯಲ್ಲಿ ಕೂರುವವನನ್ನೂ ತಾವೇ ಕರೆತರಬೇಕೆಂಬ ನಿಯಮ. ಬೇಕಾದಷ್ಟು ದಟ್ಟ ಕೂದಲು ಇಡೀ ಬಳಗದಲ್ಲಿ ಇದ್ದದ್ದು ಹೆಂಡತಿಯ ತಮ್ಮನೊಬ್ಬನಿಗೇ. ಅವನೋ ಬಸ್ ಕಂಡಕ್ಟರು. ಒಂದು ಕಡೆ ಕೂತು ಗೊತ್ತಿಲ್ಲದ ಜೀವ. ಕಂಡದ್ದಕ್ಕೆಲ್ಲ ಬಾಯಿ ಹಾಕುವ ಚಟ ಬೇರೆ.

ಅವನು ಅರ್ಧಕ್ಕೆ ಹೊಟ್ಟೆ ಹಿಡಿದುಕೊಂಡು ಎದ್ದನೆಂದರೆ ಕಥೆ ಮುಗಿದಂತೆಯೇ. ವರ್ಷಗಟ್ಟಲೆ ಅರ್ಜಿ ಹಾಕಿ ಈ ಸಲವಷ್ಟೇ ಆಯ್ಕೆಯಾಗಿದ್ದ ಕ್ಷೌರಿಕ ಅದಕ್ಕೇ ಕಾವಲಿಗೆ ನಿಂತ. ನಲ್ಲಿ ನೀರು ಮುಟ್ಟಬೇಡ, ಹಲ್ಲುಜ್ಜುವುದಕ್ಕೂ ಸೀಲ್ ಇದ್ದ ಬಾಟಲಿಯ ನೀರೇ ಎಂದ. ಮಗುವಿಗೆ ತೊಳೆಸುವಂತೆ ಕೈ ತೊಳೆಸಿದ. ಇಷ್ಟಾದರೂ ಬೀದಿಗೆ ಕಾಲಿಟ್ಟರೆ ಸಾಕು, ಭಾಮೈದ ಹೆಚ್ಚಿಟ್ಟ ಹಣ್ಣಿನ ಗಾಡಿಯ ಮುಂದೆ ಹಾಜರ್. ಬೇಡವೆಂದರೆ ಮುಖ ಊದಿಸಿಕೊಂಡು ಅಕ್ಕನಿಗೆ ಫೋನ್ ಮಾಡುತ್ತಿದ್ದ. ಆಮೇಲೆ ಹೆಂಡತಿಯಿಂದ ಇವನಿಗೆ ಮಂಗಳಾರತಿ.

ರೋಸಿಹೋದ ಕ್ಷೌರಿಕ ಕೊನೆಗೊಂದು ದಾರಿ ಕಂಡುಕೊಂಡ. "ಮೊದಲು ನಾನು ತಿಂದು ನೋಡ್ತೀನಿ. ಸರಿ ಅನ್ಸಿದ್ರೆ ಮಾತ್ರ ನಿನಗೆ," ಅಂದ. ಹಣ್ಣು ತಿಂದು, ಹುಳಿ ಬಂದಿದೆಯೆಂದು ಮಿಕ್ಕದ್ದನ್ನು ಚೆಲ್ಲಿದ. ಐಸ್ ಹಾಕಿದ ಶರಬತ್ತು ಕುಡಿದು, ನೀರು ಸರಿಯಿಲ್ಲವೆಂದ. ಕೆನೆ ತುಂಬಿದ ಬನ್ನಿನ ಮೇಲೆ ಅನುಮಾನ ಬಂದು, ಖಾತ್ರಿ ಮಾಡಿಕೊಳ್ಳಲು ಇನ್ನೊಂದು ತುಂಡು ತಿಂದ. ಭಾಮೈದನಿಗೆ ದಕ್ಕಿದ್ದು ಬಿಸಿ ಅನ್ನ, ಬಾಳೆಹಣ್ಣು. ತನ್ನದೂ ಒಂದು ಹೊಟ್ಟೆಯೇ ಎಂಬುದು ಕ್ಷೌರಿಕನಿಗೆ ಹೊಳೆಯಲೇ ಇಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆ ಎದ್ದಾಗಿನಿಂದ ಪಾಯಿಖಾನೆಗೆ ಓಡಿದ್ದು ಅವನೇ. ಭಾಮೈದ ಬಾಟಲಿ ನೀರಿಗೆ ಉಪ್ಪು ಸಕ್ಕರೆ ಕದಡಿ ಗುಟುಕು ಗುಟುಕಾಗಿ ಕುಡಿಸಿದ. ಅದಕ್ಕಿಂತ ಆಡಿಕೊಂಡು ನಕ್ಕಿದ್ದರೇ ವಾಸಿಯಿತ್ತು.

ವೇದಿಕೆಯ ಮೇಲೆ ಕುರ್ಚಿಗಳ ಸಾಲು. ಗಂಟೆ ಹೊಡೆದದ್ದೇ ಕ್ಷೌರಿಕ ಭಾಮೈದನ ಗದ್ದ ಹಿಡಿದು ಓರೆ ಮಾಡಿ, ಅಲುಗಾಡಿದರೆ ಜೋಕೆ ಎಂದು ಗದರಿಸಿ, ಬಾಚಣಿಗೆಯ ಮೇಲೆ ಕತ್ತರಿ ಆಡಿಸತೊಡಗಿದ. ಎಡಗಡೆ ಅವನ ಜನ್ಮದಲ್ಲೇ ಬಾರದಷ್ಟು ಚೆನ್ನಾಗಿ ಬಂತು. ಬಲಗಡೆಗೆ ತಿರುಗುವಷ್ಟರಲ್ಲಿ ಹೊಟ್ಟೆ ಮುರಿಯತೊಡಗಿತು. ಹಲ್ಲು ಕಚ್ಚಿ ತಡೆದು ನೋಡಿದ, ಆಗಲಿಲ್ಲ. ಕತ್ತರಿ ಇಟ್ಟು ಓಡಿದ.

ಮರಳಿ ಬರುವಾಗ ಸಮಯ ಮುಗಿದು, ತೀರ್ಪುಗಾರರು ಎದ್ದು ಹೋಗಿದ್ದರು. ಕುರ್ಚಿಗಳೆಲ್ಲ ಖಾಲಿ. ಒಂದರಲ್ಲಿ ಮಾತ್ರ ಭಾಮೈದ, ಅರ್ಧ ಕತ್ತರಿಸಿದ ತಲೆ ಹೊತ್ತು, ಕೊರಳಿಗೆ ಕಟ್ಟಿದ ಬಟ್ಟೆಯೊಳಗೆ ಕೈ ಮಡಚಿಕೊಂಡು ಕೂತಿದ್ದ. ಕೆಳಗಿನವರು ಅವನತ್ತ ಬೆರಳು ಮಾಡಿ ನಗುತ್ತಿದ್ದರು. ಗದ್ದ ಮಾತ್ರ ಕ್ಷೌರಿಕ ಓರೆ ಮಾಡಿಟ್ಟಲ್ಲೇ ಇತ್ತು.

ಕ್ಷೌರಿಕನಿಗೆ ಅಳು ತಡೆಯಲಾಗಲಿಲ್ಲ. ಎಲ್ಲ ಮುಗಿದುಹೋಯಿತು, ಏಳೋ ಎಂದ.

"ಬಲಗಡೆ ಬಾಕಿ ಇದೆ ಭಾವ," ಅಂದ ಭಾಮೈದ ಕತ್ತು ತಿರುಗಿಸದೆ. "ಅಲುಗಾಡ್ಬೇಡ ಅಂದಿದ್ರಲ್ಲ, ಅಲುಗಾಡಿಲ್ಲ ನೋಡಿ."

ಕ್ಷೌರಿಕ ಕಣ್ಣೊರೆಸಿಕೊಂಡು ಕತ್ತರಿ ಎತ್ತಿಕೊಂಡ.